‘ನಂದಿಸು’ ನಮ್ಮ ಮಾತೋ, ಸಂಸ್ಕೃತದ್ದೋ?

ಮಾಲೂರಿನ ಅಮ್ಮ: ಮನೆಯಲ್ಲಿ ನಾವು ದೀಪ ‘ಆರಿಸು’ ಅಂತೀವಿ. ಮಗಳ ಪಾಠದಲ್ಲಿ ‘ಬೆಂಕಿ ನಂದಿಸಿದರು’ ಅಂತಿದೆ. ‘ಆನಂದದ ನಂದ ಬೆಂಕಿಗೆ ಯಾಕಮ್ಮ?’ ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಬಂಗಾರಪೇಟೆ ಹುಡುಗ: ಸಂಸ್ಕೃತವೇ ಅಕ್ಕ. ನಂದಾದೀಪ ಅಂದ್ರೆ ಆನಂದ ಕೊಡುವ ದೀಪ ಅಲ್ವಾ? ನಂದಿಸು ಪೇಪರಿನವರ ಮಾತು. ನಮ್ಮೂರಲ್ಲಿ ಯಾರೂ ಆಡಲ್ಲ.

ಕೋಲಾರದ ಮೇಷ್ಟ್ರು: ಇಲ್ಲಪ್ಪ. ನಂದನ, ಆನಂದ ಸಂಸ್ಕೃತದವು, ಸರಿ. ಇದರ ಬೇರು ಬೇರೆ. ಕನ್ನಡದಲ್ಲಿ ‘ನಂದು’ ಅಂದ್ರೆ ಆರಿಹೋಗು. ನಂದಾದೀಪ ಅಂದ್ರೆ ನಂದದ ದೀಪ, ಹಗಲೂ ರಾತ್ರಿ ಉರಿಯುವಂಥದ್ದು. ನಮ್ಮ ಶಾಸನಗಳಲ್ಲಿ ‘ನಂದಾದೀವಿಗೆ’, ತಮಿಳಿನಲ್ಲಿ ‘ನಂದಾ ವಿಳಕ್ಕು’. ಚೋಳರ ಕಾಲದಲ್ಲಿ ಇಂಥ ಒಂದು ದೀಪದ ತುಪ್ಪಕ್ಕೆಂದು ಗುಡಿಗೆ 90 ಅಥವಾ 96 ಕುರಿ ಬಿಡುವುದು ರೂಢಿ. ಅವಕ್ಕೆ ‘ಸಾವಾ ಮೂವಾ ಪೇರಾಡು’ ಅಂತ ಹೆಸರು. ಸಾಯದ, ಮುಪ್ಪಾಗದ ಕುರಿ. ಒಂದು ಸತ್ತರೆ ಮರಿ ಅದರ ಜಾಗಕ್ಕೆ ಬರುತ್ತೆ, ಲೆಕ್ಕ ಇಳಿಯಲ್ಲ. ಸಾವಾ, ಮೂವಾ, ನಂದಾ: ಮೂರರಲ್ಲೂ ಕೊನೆಯ ‘ಆ’ಗೆ ‘ಇಲ್ಲ’ ಅನ್ನುವುದೇ ಅರ್ಥ. ಕೋಲಾರಮ್ಮನ ಗುಡಿಯಲ್ಲೇ ಚೋಳರ ತಮಿಳು ಶಾಸನಗಳಿವೆ. ಈ ಮಾತು ನಮಗೆ ದೂರದ್ದಲ್ಲ.

ಬಂಗಾರಪೇಟೆ ಹುಡುಗ: ನಂದಾದೀಪದ ವಿಷಯ ಒಪ್ಪಿದೆ ಸರ್. ಆದರೂ ಮಕ್ಕಳಿಗೆ ಆರಿಸು ಸಾಕು. ಬಾಯಲ್ಲಿರೋ ಮಾತು ಬಿಟ್ಟು ಬೇರೆಯದು ಯಾಕೆ?

ಮುಳಬಾಗಿಲಿನಿಂದ: ಆರಿಸು ಬಗ್ಗೆ ನನಗೂ ತುಂಬಾ ಪ್ರೀತಿ. ಹಳಗನ್ನಡದಲ್ಲಿ ಅದು ‘ಆಱು’. ಬಟ್ಟೆ ಆರುತ್ತೆ, ಕಾಫಿ ಆರುತ್ತೆ, ಬಾಯಿ ಆರಿದರೆ ಬಾಯಾರಿಕೆ. ಬಿಸಿಯೋ ಹಸಿಯೋ ಹೋಗುವುದೇ ಆರುವುದು. ತೆಲುಗಿನಲ್ಲೂ ಬಟ್ಟೆಗೂ ದೀಪಕ್ಕೂ ‘ಆರು’. ತಮಿಳಿನಲ್ಲಿ ಗಾಯವೂ ಆರುತ್ತೆ! ಆದರೆ ದೇವರ ದೀಪಕ್ಕೆ ನಮ್ಮಜ್ಜಿ ಆರಿಸು, ನಂದಿಸು ಎರಡೂ ಅನ್ನುತ್ತಿರಲಿಲ್ಲ. ‘ದೀಪ ದೊಡ್ಡದು ಮಾಡು’ ಅನ್ನೋರು. ಪಕ್ಕದ ಮನೆಯ ತೆಲುಗಿನವರು ‘ದೀಪಂ ಕೊಂಡೆಕ್ಕಿಂದಿ’ ಅಂತಾರೆ, ದೀಪ ಬೆಟ್ಟ ಹತ್ತಿತು ಅಂತ. ಆರಿತು ಅನ್ನೋಕೇ ಮನಸ್ಸು ಬರಲ್ಲ ಅವರಿಗೆ.

ಕೋಲಾರದ ಮೇಷ್ಟ್ರು: ಬಾಯಲ್ಲಿರೋದು ಇರಲಿ, ನಂದಿಸುವೂ ಇರಲಿ. ಅದನ್ನು ಬಿಟ್ಟರೆ ನಂದಾದೀಪದ ಅರ್ಥವೇ ಮಕ್ಕಳಿಗೆ ಸಿಗಲ್ಲ.

ಮಾಲೂರಿನ ಅಮ್ಮ: ಎಲ್ಲವನ್ನೂ ಓದಿ ಹೇಳಿದೆ. ಸಾಯದ ಕುರಿ ಅವಳಿಗೆ ಬಹಳ ಹಿಡಿಸಿತು. ಈಗ ಇನ್ನೊಂದು ಕೇಳ್ತಿದ್ದಾಳೆ. ಅಕ್ಕಿಯಲ್ಲಿ ಕಲ್ಲು ‘ಆರಿಸು’ವುದೂ ಇದೇ ಆರಿಸು ತಾನೇ?

ಕೋಲಾರದ ಮೇಷ್ಟ್ರು: ಅಲ್ಲಮ್ಮ. ಅದು ಆಯುವುದು, ಆಯ್ಕೆಯ ಬಳಗ.