ಡೇ ಸೆಂಟರ್‌ನಲ್ಲಿ ವಾರವಿಡೀ ಏನು ಮಾಡಿಸ್ತಾರೆ?

ತಮ್ಮನಿಗೆ 24, ಡೌನ್ ಸಿಂಡ್ರೋಮ್ ಇದೆ. ಮೈಸೂರಲ್ಲಿ ಒಂದು ಡೇ ಸೆಂಟರ್‌ಗೆ ಸೇರಿಸಿದ್ದೇವೆ. ದಿನಾ ಬರೀ ಬಣ್ಣ ತುಂಬಿಸೋದು. ಸಂಜೆ ಮುಖ ಸಪ್ಪಗೆ ಮಾಡಿಕೊಂಡು ಬರುತ್ತಾನೆ. ನಿಮ್ಮ ಕಡೆ ಹೇಗೆ?

ಉತ್ತರ 1: ನಮ್ಮ ಮಗಳ ಸೆಂಟರ್‌ನಲ್ಲಿ ಸೋಮವಾರ ಪೇಪರ್ ಕವರ್, ಬುಧವಾರ ಅಡುಗೆ. ಮೊದಲ ಸಲ ಅವಳು ಹಿತುಕಿದ ಅವರೆಕಾಳು ಅರ್ಧ ನೆಲದ ಮೇಲೇ ಇತ್ತಂತೆ, ಆದರೂ ಮನೆಗೆ ಬಂದು ಎರಡು ದಿನ ಅದೇ ಮಾತು. ಶುಕ್ರವಾರ ಸಿಟಿ ಬಸ್ಸಲ್ಲಿ ದೇವರಾಜ ಮಾರ್ಕೆಟ್. ದುಡ್ಡು ಕೊಟ್ಟು ಚಿಲ್ಲರೆ ಎಣಿಸಿಕೊಳ್ಳೋದು ಅವರದೇ ಕೆಲಸ.

ಉತ್ತರ 2: ಹಾಗೆ ಹೊರಗೆ ಕರೆದುಕೊಂಡು ಹೋಗೋದಾದರೆ, ಮೈಸೂರು ಝೂಗೆ ಮಂಗಳವಾರ ಮಾತ್ರ ಹೋಗಬೇಡಿ, ರಜೆ. ನಾವು ವ್ಯಾನ್ ಮಾಡಿಕೊಂಡು ಹೋಗಿ ಗೇಟಿಂದಲೇ ವಾಪಸ್ ಬಂದಿದ್ದೇವೆ! ಯುಡಿಐಡಿ ಕಾರ್ಡ್ (ಸರ್ಕಾರ ಕೊಡೋ ವಿಶೇಷಚೇತನರ ಗುರುತಿನ ಚೀಟಿ) ಜೊತೆಗಿರಲಿ.

ಉತ್ತರ 3: ಜಗಳ ಬೇಡ, ವಾರದ ಪಟ್ಟಿ ಕೇಳಿ ನೋಡಿ. ತಮ್ಮನಿಗೇನು ಇಷ್ಟ ಅಂತ ಅವನನ್ನೇ ಕೇಳಿದ್ದಾರಾ?