ಸಹಾಯ ಬೇಕು: ಇಲಿ ಕಡಿದ ಎಬಿಎಸ್ ಸೆನ್ಸರ್ ವೈರ್ ಮನೆಯಲ್ಲೇ ಜೋಡಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಾವಿರೋದು ತೀರ್ಥಹಳ್ಳಿ ಹತ್ರ. ಮಳೆ ಹಿಡಿದ ಮೇಲೆ ಕಾರು ಕೊಟ್ಟಿಗೆ ಪಕ್ಕದಲ್ಲೇ ನಿಂತಿತ್ತು. ಬಲಗಡೆ ಮುಂದಿನ ಚಕ್ರದ ವೇಗವನ್ನ ಎಬಿಎಸ್‌ಗೆ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ತಿಳಿಸೋ ಸೆನ್ಸರ್ ವೈರನ್ನ ಇಲಿ ಕಡಿದು ಹಾಕಿದೆ. ಎರಡು ವೈರಲ್ಲಿ ಒಂದು ಪೂರ್ತಿ ತುಂಡು, ಇನ್ನೊಂದರ ಸಿಪ್ಪೆ ಹೋಗಿ ತಾಮ್ರ ಹಸಿರುಗಟ್ಟಿದೆ. ಮಾಮೂಲಿ ಬ್ರೇಕ್ ಹಿಡಿಯುತ್ತೆ. ಆದ್ರೆ ಎಬಿಎಸ್ ದೀಪ ಉರೀತಾ ಇರುವಾಗ ಮನೆಯವರನ್ನ ಕೂರಿಸ್ಕೊಂಡು ಆಗುಂಬೆ ಘಾಟಿ ಇಳಿಯೋಕೆ ಧೈರ್ಯ ಬರ್ತಿಲ್ಲ.

ಹಸಿರು ಹಿಡಿದಷ್ಟನ್ನ ಕತ್ತರಿಸಿ, ಹೊಸೆದು, ಟೇಪ್ ಸುತ್ತಿ ನೋಡಿದೆ. ದೀಪ ಆರಿತು, ಜೋರು ಮಳೇಲಿ ಓಡಿಸಿದ ಮೇಲೆ ಮತ್ತೆ ಬಂತು. ಸೆನ್ಸರ್ ಬಿಚ್ಚಿ ವೈರಿನ ಕಂಟಿನ್ಯುಟಿ (ಎಲ್ಲೂ ತುಂಡಾಗದೆ ಕರೆಂಟ್ ಹಾಯುತ್ತಾ ಅಂತ) ಮಲ್ಟಿಮೀಟರಲ್ಲಿ ನೋಡಿದ್ರೆ ಸರಿ ಇದೆ. ಶಿವಮೊಗ್ಗದ ಗ್ಯಾರೇಜಿನವರು ಇಡೀ ವೈರಿಂಗ್ ಬದಲಿಸ್ಬೇಕು, ಮಾಲು ಬರೋದು ತಡ ಅಂತಾರೆ.

ನನಗೆ ಬಗೆಹರೀದೆ ಇರೋದು ಒಂದೇ. ಸ್ಟೇರಿಂಗ್ ತಿರುಗಿಸಿದಾಗೆಲ್ಲ ಈ ವೈರ್ ಬಾಗುತ್ತೆ. ಬೆಸುಗೆ ಹಾಕಿದ್ರೆ ಅದರ ಅಂಚಲ್ಲೇ ಎಳೆ ಮುರಿಯುತ್ತೆ ಅಂತ ಒಬ್ರು, ಕ್ರಿಂಪ್ ಮಾಡಿದ್ರೆ (ಎರಡೂ ತುದಿಯನ್ನ ಲೋಹದ ಕೊಳವೆಯಲ್ಲಿಟ್ಟು ಒತ್ತಿ ಜೋಡಿಸಿದ್ರೆ) ನೀರು ಇಳಿಯುತ್ತೆ ಅಂತ ಇನ್ನೊಬ್ರು.

ಬಾಗೋ ಜಾಗ ಬಿಟ್ಟು, ವೈರನ್ನ ಕಾರಿನ ಮೈಗೆ ಕ್ಲಿಪ್ ಹಾಕಿ ಹಿಡಿಸಿರೋ ಕಡೆ ಕ್ರಿಂಪ್ ಮಾಡಿ, ಒಳಮೈಗೆ ಅಂಟು ಸವರಿರೋ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದ್ರೆ ಕುಗ್ಗಿ ವೈರನ್ನ ಬಿಗಿಯಾಗಿ ಹಿಡಿಯೋ ಕೊಳವೆ) ಹಾಕಿದ್ರೆ ನಮ್ಮ ಮಳೆಗೆ ತಡೆಯುತ್ತಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.