ಅಡ್ರಿನಲ್ ಗಡ್ಡೆಗೆ ಸೂಜಿ ಬಯಾಪ್ಸಿ: ಮಾಡಿಸಿದವರು ಇದ್ದೀರಾ?

ಚಿತ್ರದುರ್ಗದಿಂದ ಕೇಳುತ್ತಿದ್ದೇನೆ. ಅಪ್ಪನಿಗೆ 64 ವರ್ಷ. ಶ್ವಾಸಕೋಶದ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿದು ಎರಡು ವರ್ಷ ಆರಾಮಾಗಿದ್ದರು. ಈಗ ಎಡ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ 3 ಸೆಂ.ಮೀ. ಗಡ್ಡೆ ಕಂಡಿದೆ. ದಾವಣಗೆರೆಯಲ್ಲಿ ಸಿ.ಟಿ. ಸ್ಕ್ಯಾನ್ ನೋಡಿಕೊಂಡು ಸೂಜಿಯಿಂದ ತುಣುಕು ತೆಗೆಯಬೇಕು ಎಂದಿದ್ದಾರೆ. ‘ಕಬ್ಬಿಣ ತಾಗಿದರೆ ಗಡ್ಡೆ ಕೆರಳುತ್ತದೆ’ ಎಂದು ಅಮ್ಮ ಹಟ ಹಿಡಿದಿದ್ದಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ದಾವಣಗೆರೆ ವಿದ್ಯಾನಗರದಿಂದ:
ತಂಗೀ, ನಮ್ಮ ಮಾವನವರಿಗೆ ಹೋದ ವರ್ಷ ಇದೇ ಆಯಿತು. ಮೊದಲು ಒಂದು ವಿಷಯ ಕೇಳಿಕೊಳ್ಳಿ: ಮೆಟಾನೆಫ್ರಿನ್ ಪರೀಕ್ಷೆ ಆಗಿದೆಯೇ? ಫಿಯೋಕ್ರೋಮೋಸೈಟೋಮಾ ಎಂಬ ಗಡ್ಡೆ ಇದೆಯೇ ಎಂದು ನೋಡುವ ಪರೀಕ್ಷೆ ಅದು. ಆ ಗಡ್ಡೆ ಅಡ್ರಿನಲಿನ್‌ನಂಥ ಹಾರ್ಮೋನು ತುಂಬಿಕೊಂಡು ಕೂತಿರುತ್ತದೆ. ಗೊತ್ತಿಲ್ಲದೆ ಚುಚ್ಚಿದರೆ ಬಿ.ಪಿ. ಒಮ್ಮೆಲೇ ಏರಿ ಜೀವಕ್ಕೇ ಕುತ್ತು. ನಾವು ಮೊದಲು ತೋರಿಸಿದ ಕಡೆ (ಹೆಸರು ಬೇಡ) ಇದನ್ನು ವಿಚಾರಿಸದೆಯೇ ದಿನ ಗೊತ್ತು ಮಾಡಿದ್ದರು. ಸೂಜಿ ಹಾಕಬೇಕಾದ ರೇಡಿಯಾಲಜಿಸ್ಟರೇ ಫೈಲ್ ತಿರುವಿ ನೋಡಿ, ‘ಆ ರಿಪೋರ್ಟ್ ಇಲ್ಲದೆ ನಾನು ಮುಟ್ಟುವುದಿಲ್ಲ’ ಎಂದು ವಾಪಸ್ ಕಳಿಸಿದರು. ಅವತ್ತು ಅವರ ಮೇಲೆ ಸಿಟ್ಟು ಬಂದಿತ್ತು.

ರಕ್ತದಲ್ಲೂ ನೋಡುತ್ತಾರೆ, ನಮಗೆ 24 ಗಂಟೆಯ ಮೂತ್ರ ಹೇಳಿದರು. ಆಸಿಡ್ ಹಾಕಿದ ಕ್ಯಾನ್ ಕೊಡುತ್ತಾರೆ, ಕೈಗೆ ತಾಗಿಸಿಕೊಳ್ಳಬೇಡಿ. ಬೆಳಗಿನ ಮೊದಲ ಮೂತ್ರ ಬಿಟ್ಟು, ಸಮಯ ಬರೆದಿಟ್ಟು, ಮರುದಿನ ಅದೇ ಹೊತ್ತಿನವರೆಗೆ ಪೂರ್ತಿ ಹಿಡಿಯಬೇಕು. ಮಾವ ಸಂಜೆ ಮರೆತು ಹಿತ್ತಲಿಗೆ ಹೋಗಿ ಬಂದರು, ಮತ್ತೆ ಮೊದಲಿನಿಂದ!

ಸೂಜಿಯ ದಿನ ಅಷ್ಟು ಕಷ್ಟವಾಗಲಿಲ್ಲ. ಗಡ್ಡೆ ಇದ್ದ ಮಗ್ಗುಲನ್ನೇ ಕೆಳಗೆ ಮಾಡಿ ಮಲಗಿಸಿದರು. ಹಾಗೆ ಮಲಗಿದರೆ ಆ ಕಡೆಯ ಶ್ವಾಸಕೋಶ ಹೆಚ್ಚು ಹಿಗ್ಗದೆ ಸೂಜಿಯ ದಾರಿ ಬಿಡುತ್ತದೆ. ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್, ಸೂಜಿ ಒಂದಿಷ್ಟು ಇಳಿಸಿ ಸ್ಕ್ಯಾನ್, ಮತ್ತೆ ಒಂದಿಷ್ಟು. ‘ಉಸಿರು ಹಿಡಿಯಿರಿ’ ಎಂದಾಗ ಪ್ರತಿ ಸಲವೂ ಒಂದೇ ಅಳತೆಗೆ ಹಿಡಿಯಬೇಕು. ಮನೆಯಲ್ಲೇ ಅಭ್ಯಾಸ ಮಾಡಿಸಿ. ರಕ್ತಸ್ರಾವ, ಶ್ವಾಸಕೋಶದ ಸುತ್ತ ಗಾಳಿ ಸೇರುವುದು, ಇವೆರಡರ ಭಯಕ್ಕೆ ಆಮೇಲೆ ಕೆಲವು ಗಂಟೆ ಅಲ್ಲೇ ಇರಿಸಿಕೊಂಡರು. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಹರಿಹರದಿಂದ:
ನಿಮ್ಮ ತಾಯಿಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಅಡ್ರಿನಲ್‌ನಲ್ಲೇ ಹುಟ್ಟಿದ ಕ್ಯಾನ್ಸರ್ ಎಂಬ ಶಂಕೆ ಇದ್ದರೆ ಸಾಮಾನ್ಯವಾಗಿ ಸೂಜಿ ಹಾಕುವುದಿಲ್ಲ. ಸೂಜಿಯ ದಾರಿಯುದ್ದಕ್ಕೂ ಕ್ಯಾನ್ಸರ್ ಕಣ ಉಳಿಯುವ ಅಪಾಯವಿದೆ, ತುಣುಕು ನೋಡಿ ಸಾಧು (ಕ್ಯಾನ್ಸರ್ ಅಲ್ಲದ) ಗಡ್ಡೆಯೋ ಅಲ್ಲವೋ ಹೇಳುವುದೂ ಕಷ್ಟ. ನಿಮ್ಮ ತಂದೆಯವರದು ಬೇರೆ. ಹಳೆಯದೇ ಹಬ್ಬಿದೆಯೇ ಎಂಬುದರ ಮೇಲೆ ಮುಂದಿನ ಚಿಕಿತ್ಸೆ ನಿಂತಿದೆ. ಸ್ಕ್ಯಾನ್ ವರದಿಯಲ್ಲಿ ಗಡ್ಡೆಯ ಸಾಂದ್ರತೆಯ ಅಂಕಿ (HU) ನೋಡಿದಿರಾ? ನನ್ನ ತಮ್ಮನಿಗೆ ಕಲ್ಲಿನ ನೋವಿಗೆಂದು ಮಾಡಿಸಿದ ಸ್ಕ್ಯಾನಿನಲ್ಲಿ ಗಡ್ಡೆ ಸಿಕ್ಕಿತು, ಅಂಕಿ 4. ಡೈ ಕೊಡದೆ ತೆಗೆದ ಚಿತ್ರದಲ್ಲಿ ಅದು 10ರ ಒಳಗಿದ್ದು ಗಡ್ಡೆ ಒಂದೇ ಸಮನಾಗಿದ್ದರೆ ಕೊಬ್ಬಿನಂಶದ ಸಾಧು ಗಡ್ಡೆ ಎಂದು ಹಾರ್ಮೋನು ಪರೀಕ್ಷೆ ಮಾತ್ರ ಮಾಡಿಸಿ ಬಿಟ್ಟರು.

ಹಿರಿಯೂರಿನಿಂದ:
ಚಿಕ್ಕಪ್ಪನಿಗೆ ಎರಡೂ ಕಡೆಯ ಗ್ರಂಥಿ ಊದಿತ್ತು, ಮೈ ಕಪ್ಪಾಗಿ ತೂಕ ಇಳಿದಿತ್ತು. ಕ್ಯಾನ್ಸರ್ ಎಂದು ಮನೆಯವರೆಲ್ಲ ಅತ್ತಿದ್ದೆವು. ಸೂಜಿಯಲ್ಲಿ ಸಿಕ್ಕಿದ್ದು ಕ್ಷಯ.

ಚಿತ್ರದುರ್ಗದಿಂದ, ಮತ್ತೆ:
ಎಲ್ಲರಿಗೂ ವಂದನೆ. ವರದಿ ತೆಗೆದು ನೋಡಿದೆ: ಅಂಕಿ 32. ಮೆಟಾನೆಫ್ರಿನ್ ಆಗಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ, ಸೋಮವಾರದ ಬಯಾಪ್ಸಿ ಮುಂದೆ ಹಾಕಿದ್ದಾರೆ. ಕ್ಯಾನ್ ಬಚ್ಚಲ ಮೂಲೆಯಲ್ಲಿದೆ. ಹಿತ್ತಲ ಬಾಗಿಲಿಗೆ ಅಮ್ಮ ಬೀಗ ಹಾಕಿದ್ದಾರೆ.